ಒಗಟಿನ ನ್ಯಾಯ: ಟಾರ್ಕ್ವೆಮಾಡಾ, ಜಿಮನೀಸ್ ಮತ್ತು ದಂಡಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದವನು ಕಾಶ್ಮೀರದ ಬಿಲ್ಹಣ. ಅವನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಚೌರಪಂಚಾಶಿಕಾ’ವನ್ನು 1919ರಲ್ಲಿ ‘ಬ್ಲ್ಯಾಕ್ ಮಾರಿಗೋಲ್ಡ್ಸ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದವನು ಎಡ್ವರ್ಡ್ ಪೋವಿಸ್ ಮ್ಯಾದರ್ಸ್ (1892–1939). ಮೂಲಕ್ಕೆ ಕಟ್ಟುಬೀಳದ ಸ್ವೇಚ್ಛಾನುವಾದವದು. ಆದರೆ ಮ್ಯಾದರ್ಸನ ನಿಜವಾದ ಕೀರ್ತಿ ಬೇರೊಂದು ಹೆಸರಿಗೆ ಅಂಟಿಕೊಂಡಿದೆ. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯ ಓದುಗರನ್ನು 1926ರಿಂದ ತನ್ನ ಮರಣದವರೆಗೆ ವಾರವಾರವೂ ಪದಬಂಧಗಳಿಂದ ಪೀಡಿಸಿದ ಟಾರ್ಕ್ವೆಮಾಡಾ ಇವನೇ. ಸ್ಪೇನಿನ ಮತವಿಚಾರಣಾ ನ್ಯಾಯಸ್ಥಾನದ ಕುಖ್ಯಾತ ಮುಖ್ಯಾಧಿಕಾರಿಯ ಹೆಸರನ್ನು ಇವನು ಬೇಕೆಂದೇ ಧರಿಸಿದ್ದನು.

ಪದಬಂಧ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಚೌಕದ ಸುಳಿವುಗಳು ನೇರವಾದ ಅರ್ಥವಿವರಣೆಗಳಾಗಿದ್ದವು. ಆ ಸುಳಿವನ್ನು ವಕ್ರೋಕ್ತಿಯಾಗಿ ಬಗ್ಗಿಸಿದ್ದು ಇಂಗ್ಲೆಂಡ್. ಅದರಲ್ಲಿ ಟಾರ್ಕ್ವೆಮಾಡಾನ ಪಾಲು ದೊಡ್ಡದು.

ಗೂಢ ಸುಳಿವಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳು. ಒಂದು ಉತ್ತರದ ಅರ್ಥವನ್ನು ಹೇಳುತ್ತದೆ. ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುತ್ತದೆ. ‘ಲಿಸನ್’ ಎಂಬ ಇಂಗ್ಲಿಷ್ ಪದದ ಎಲ್, ಐ, ಎಸ್, ಟಿ, ಇ, ಎನ್ ಅಕ್ಷರಗಳನ್ನು ಕಲಕಿದರೆ ‘ಸೈಲೆಂಟ್’ ದೊರೆಯುತ್ತದೆ. ‘ಕಲಕು’ ಎಂಬ ಸೂಚನೆಯನ್ನು ವಾಕ್ಯದಲ್ಲಿ ಸಹಜವಾಗಿ ಅಡಗಿಸುವುದೇ ರಚನಕಾರನ ಜಾಣ್ಮೆ. ಎರಡು ದಾರಿಗಳು ಒಂದೇ ಪದದಲ್ಲಿ ಕೂಡಿದಾಗ ಬಿಡಿಸುವವನಿಗೆ ತನ್ನ ಉತ್ತರ ಸರಿಯೆಂಬ ನಿಶ್ಚಯ ಹುಟ್ಟುತ್ತದೆ, ಮರುದಿನದ ಪತ್ರಿಕೆಗಾಗಿ ಕಾಯಬೇಕಿಲ್ಲ. ಈ ನಿಶ್ಚಯವನ್ನು ಟಾರ್ಕ್ವೆಮಾಡಾ ಯಾವಾಗಲೂ ಕೊಡುತ್ತಿರಲಿಲ್ಲ. ಅವನ ಎಷ್ಟೋ ಸುಳಿವುಗಳಲ್ಲಿ ಅರ್ಥದ ಎಳೆ ತೀರ ಸಡಿಲ. ಉತ್ತರ ಹೊಳೆದ ಮೇಲೂ ಅದು ಏಕೆ ಉತ್ತರವೆಂದು ವಿವರಿಸುವುದು ಕಷ್ಟ. ಅವನ ಪಾಂಡಿತ್ಯ ನಿರ್ವಿವಾದವಾದುದು, ಆದರೆ ನ್ಯಾಯ ಪಾಂಡಿತ್ಯದಿಂದ ತಾನಾಗಿ ಬರುವುದಿಲ್ಲ.

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವನು ಪಾದ್ರಿ ಎ. ಎಫ್. ರಿಚಿ. ತನ್ನ ಹೆಸರಿನ ಮೊದಲ ಅಕ್ಷರಗಳನ್ನೇ ಕೂಡಿಸಿ, ಅರಬ್ಬೀ ಕಥೆಗಳ ಭೂತವನ್ನು ನೆನಪಿಸುವ ‘ಆಫ್ರಿಟ್’ ಎಂಬ ಅಂಕಿತವನ್ನು ಇವನು ಮಾಡಿಕೊಂಡನು. ಸುಳಿವಿನ ಮೇಲ್ನೋಟದ ಮಾತು ರಚನಕಾರನ ಅಭಿಪ್ರಾಯವಾಗಿರಬೇಕಿಲ್ಲ, ಆದರೆ ಆ ಅಭಿಪ್ರಾಯ ಮಾತಿನಲ್ಲಿ ಇರಲೇಬೇಕು ಎಂಬುದು 1949ರಲ್ಲಿ ಅವನು ಹೇಳಿದ ನಿಯಮದ ಸಾರ. ಅಬ್ಸರ್ವರ್‌ನಲ್ಲಿ ಟಾರ್ಕ್ವೆಮಾಡಾನ ಸ್ಥಾನಕ್ಕೆ ಬಂದ ಡಿ. ಎಸ್. ಮ್ಯಾಕ್‌ನಟ್ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಹಿಡಿದು ‘ಜಿಮನೀಸ್’ ಆದನು. 1966ರ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಶಾಸ್ತ್ರವಾಗಿ ಬೆಳೆಸಿದನು. ಖಚಿತವಾದ ಅರ್ಥನಿರ್ದೇಶ, ನ್ಯಾಯವಾದ ಪದರಚನೆಯ ಸೂಚನೆ, ಇವೆರಡನ್ನು ಬಿಟ್ಟು ಇನ್ನೇನೂ ಇರಬಾರದು ಎಂಬುದು ಅದರ ತಿರುಳು.

‘ಇನ್ನೇನೂ ಇರಬಾರದು’ ಎಂಬ ಮೂರನೆಯ ಅಂಗವೇ ಅತ್ಯಂತ ಕಠಿಣ. ಕನ್ನಡದಲ್ಲೊಂದು ಸುಳಿವನ್ನು ಕಲ್ಪಿಸಿಕೊಳ್ಳಬಹುದು: ‘ಬೊಟ್ಟು ಅಳಿಸಿಕೊಂಡ ಮಗು ಬಾಗಿಲಲ್ಲಿ’, ಎರಡಕ್ಷರ. ಮಗು ಎಂದರೆ ಕಂದ. ಅದರ ಬೊಟ್ಟು ಅನುಸ್ವಾರದ ಬಿಂದು. ಅದು ಅಳಿದರೆ ಕದ, ಅಂದರೆ ಬಾಗಿಲು. ಹಣೆಯ ಬೊಟ್ಟು ಅಳಿಸಿಕೊಂಡು ನಿಂತ ಮಗುವಿನ ಚಿತ್ರ ಓದುಗನನ್ನು ಚೆನ್ನಾಗಿಯೇ ವಂಚಿಸುತ್ತದೆ. ಆದರೂ ಜಿಮನೀಸನ ತಕ್ಕಡಿಯಲ್ಲಿ ಇದು ದೋಷಯುಕ್ತ. ‘ಬಾಗಿಲಲ್ಲಿ’ ಎಂಬುದರ ಸಪ್ತಮೀ ಪ್ರತ್ಯಯಕ್ಕೆ ಉತ್ತರದಲ್ಲಿ ಕೆಲಸವಿಲ್ಲ. ಅದು ಚಿತ್ರದ ಅಂದಕ್ಕಾಗಿ ಬಂದದ್ದು. ‘ಮಗುವೇ ಬಾಗಿಲು’ ಎಂದು ತಿದ್ದಿದರೆ ನ್ಯಾಯ ಉಳಿಯುತ್ತದೆ, ಚಿತ್ರ ಸ್ವಲ್ಪ ಮಾಸುತ್ತದೆ.

ಬಿಂದುವನ್ನು ಕಳೆಯುವ ಈ ಆಟ ಭಾರತೀಯರಿಗೆ ಹೊಸದಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭವತಿಯಾದ ಮರುದೇವಿಯ ಮುಂದೆ ದೇವಿಯರು ಒಡ್ಡುವ ಪ್ರಶ್ನೆಗಳಲ್ಲಿ ಅಕ್ಷರ, ಮಾತ್ರೆ, ಬಿಂದುಗಳ ಲೋಪವನ್ನು ಅವಲಂಬಿಸಿದವು ಇವೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಪ್ರಹೇಲಿಕೆಗಳನ್ನು ವಿವರಿಸುತ್ತಾನೆ. ಪದಗಳ ಸಂಧಿಯಲ್ಲಿ ಅರ್ಥ ಅಡಗಿದರೆ ಸಮಾಗತೆ. ಬೇರೆ ಅರ್ಥದಲ್ಲಿ ರೂಢವಾದ ಶಬ್ದದಿಂದ ಮೋಸಗೊಳಿಸಿದರೆ ವಂಚಿತೆ. ಇಂಗ್ಲಿಷ್ ರಚನಕಾರರ ಅರ್ಧ ಬತ್ತಳಿಕೆ ಈ ಎರಡರಲ್ಲೇ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದುದು ಅವನ ಇನ್ನೊಂದು ಮಾತು. ಪೂರ್ವಾಚಾರ್ಯರು ಹದಿನಾಲ್ಕು ದುಷ್ಟಪ್ರಹೇಲಿಕೆಗಳನ್ನೂ ಹೇಳಿದ್ದರು. ದೋಷಗಳಿಗೆ ಲೆಕ್ಕವಿಲ್ಲವೆಂದು ದಂಡಿ ಅವನ್ನು ಕೈಬಿಟ್ಟು, ಲಕ್ಷಣವಿಲ್ಲದವೇ ದುಷ್ಟವೆಂದು ಮುಗಿಸುತ್ತಾನೆ. ಭಾಮಹನಿಗೆ ಇಷ್ಟೂ ಸಹನೆಯಿಲ್ಲ: ಶಾಸ್ತ್ರದಂತೆ ವ್ಯಾಖ್ಯಾನದಿಂದಲೇ ತಿಳಿಯಬೇಕಾದ ಕಾವ್ಯ ಪಂಡಿತರಿಗಷ್ಟೇ ಹಬ್ಬ ಎಂಬುದು ಅವನ ಆಕ್ಷೇಪ. ಕಾವ್ಯದ ಮಟ್ಟಿಗೆ ಈ ಆಕ್ಷೇಪ ಸಲ್ಲುತ್ತದೆ. ಒಗಟಿಗೆ ಮಾತ್ರ ವ್ಯಾಖ್ಯಾನವೇ ಪರೀಕ್ಷೆ. ಒಂದು ಪದವೂ ಉಳಿಯದಂತೆ ವಿವರಿಸಲು ಬಂದರೆ ಅದು ಸಾಧು.

ಜಿಮನೀಸನ ಅಳತೆಗೆ ಸಿಗದೆಯೂ ಸೊಗಸಾದ ಸುಳಿವುಗಳಿವೆ. ಎಚ್ ಅಕ್ಷರದಿಂದ ಓ ಅಕ್ಷರದವರೆಗೆ ಎಂಟನ್ನೂ ಸಾಲಾಗಿ ಬರೆದು ಐದಕ್ಷರದ ಉತ್ತರ ಕೇಳುವ ಪ್ರಸಿದ್ಧ ಸುಳಿವು ಅಂಥದು. ‘ಎಚ್ ಟು ಓ’, ಅಂದರೆ ವಾಟರ್. ಇಲ್ಲಿ ಪ್ರತ್ಯೇಕ ಅರ್ಥನಿರ್ದೇಶವೇ ಇಲ್ಲ. ಆದರೂ ಹೊಳೆದವನಿಗೆ ಸಂದೇಹ ಉಳಿಯುವುದಿಲ್ಲ; ನಿಯಮ ಕಾಯಬೇಕಾದ ನಿಶ್ಚಯವನ್ನು ಇದು ನಿಯಮವಿಲ್ಲದೆಯೇ ಕೊಡುತ್ತದೆ.

1971ರಲ್ಲಿ ಜಿಮನೀಸ್ ತೀರಿಕೊಂಡನು. ಮರುವರ್ಷ ಅವನ ಸ್ಥಾನಕ್ಕೆ ಬಂದವನು ದೇಸಾ ಎಂಬ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ರೋಮನ್ ಲಿಪಿಯಲ್ಲಿ ತಿರುಗಿಸಿ ‘ಏಝೆಡ್’ ಎಂದು ಬರೆದುಕೊಂಡನು. ಇಂಗ್ಲಿಷ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳೂ ಆ ಹೆಸರಿನಲ್ಲಿ ಕೇಳಿಸುತ್ತವೆ.