ಕೀವಿನೊಳಗಣ ಕಾವಲುಗಾರರು

ಹೊಲದ ಬದುವಿನಲ್ಲಿ ನಡೆವಾಗ ಅಂಗಾಲಿಗೆ ಜಾಲಿಯ ಮುಳ್ಳು ನಾಟಿತೆನ್ನಿ. ನಮ್ಮದು ಅಮೃತೂರೆಂಬ ಹೆಸರು ಹೊತ್ತ ಊರಾದರೂ ಮುಳ್ಳಿಗೆ ಅದರ ಹಂಗಿಲ್ಲ. ಮಾರನೆಯ ದಿನ ಆ ಜಾಗ ಕೆಂಪೇರಿ, ಬಿಸಿಯಾಗಿ, ಊದಿಕೊಂಡು ಕೀವು ಕಟ್ಟುವುದನ್ನು ನೀವೂ ಕಂಡಿದ್ದೀರಿ. ಕೀವೆಂದರೆ ಕೆಟ್ಟ ರಕ್ತವೆಂದು ಹಿರಿಯರು ಹೇಳುತ್ತಿದ್ದರು. ವಾಸ್ತವವಾಗಿ ಅದು ರಣರಂಗದಲ್ಲಿ ಮಡಿದವರ ರಾಶಿ; ಕಾದು ಸತ್ತ ಬಿಳಿಯ ರಕ್ತಕಣಗಳೂ ಅವುಗಳೊಡನೆ ಸತ್ತ ರೋಗಾಣುಗಳೂ ಅದರಲ್ಲಿರುತ್ತವೆ.

ಈ ಗುಟ್ಟನ್ನು ಬಯಲಿಗೆಳೆದುದೂ ಒಂದು ಮುಳ್ಳೇ ಎಂಬುದು ಸೋಜಿಗ. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞನು ನಕ್ಷತ್ರಮೀನಿನ ಮರಿಯೊಂದರ ಗಾಜಿನಂತಹ ಮೈಯೊಳಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಬೆಳಗಾಗುವಷ್ಟರಲ್ಲಿ ಮೈಯೊಳಗೆ ಅಲೆದಾಡುವ ಕಣಗಳು ಮುಳ್ಳಿಗೆ ಮುತ್ತಿಗೆ ಹಾಕಿದ್ದುವು. ಹೊರಗಿನದನ್ನು ಕಂಡೊಡನೆ ನುಂಗಲು ಧಾವಿಸುವ ಇಂತಹ ಭಕ್ಷಕ ಕಣಗಳು ನಮಗೂ ಹುಟ್ಟಿನಿಂದಲೇ ಬಂದ ಪಹರೆ. ಇವಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. (ಉಪಾಧ್ಯಾಯನಾದ ನನಗೆ ಇದು ತುಸು ಅಸೂಯೆಯ ಸಂಗತಿ!) 1908ರಲ್ಲಿ ಮೆಚ್ನಿಕಾಫನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಹಾಗಿದ್ದರೆ, 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನವನ್ನೇ ನಡುಗಿಸಿದಾಗ ಈ ಪಹರೆ ಏನು ಮಾಡುತ್ತಿತ್ತು? ಮೋಸಹೋಗಿತ್ತು. ಇಲಿಯ ಚಿಗಟ ಕಚ್ಚಿದೆಡೆಗೆ ಭಕ್ಷಕ ಕಣಗಳು ಓಡಿಬಂದು ರೋಗಾಣುವನ್ನು ನುಂಗುತ್ತಿದ್ದುವು. ಆದರೆ ಕೆಲವು ಕಣಗಳ ಹೊಟ್ಟೆಯಲ್ಲಿ ಅದು ಸಾಯದೆ ಬೆಳೆಯುತ್ತಿತ್ತು. ಮುಂದೆ ಯಾರೂ ನುಂಗಲಾರದಂತೆ ಕವಚವನ್ನೂ ತೊಡುತ್ತಿತ್ತು. ತೊಡೆಯ ಸಂದಿನಲ್ಲಿಯೋ ಕಂಕುಳಿನಲ್ಲಿಯೋ ಇರುವ ಗ್ರಂಥಿ ಮೈಯ ಕಾವಲು ಠಾಣೆ. ಅದೇ ಶತ್ರುವಿನ ಪಾಲಾಗುತ್ತಿತ್ತು. ಜನರ ಎದೆ ಝಲ್ಲೆನಿಸಿದ ಪ್ಲೇಗಿನ ಗಡ್ಡೆ ಅದೇ. ಮನೆಗಳಿಗೆ ಬೀಗ ಹಾಕಿ, ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ವಾಸಮಾಡಿದ ಆ ಜನರನ್ನು ಮೂಢರೆಂದು ನಗಬೇಡಿ. ಇಲಿಗೂ ಚಿಗಟಕ್ಕೂ ದೂರವಾಗುವುದು, ಅಂದು ಅವರ ಕೈಯಲ್ಲಿದ್ದ ಗಟ್ಟಿಯಾದ ಉಪಾಯ.

ಇನ್ನೊಂದು ಉಪಾಯ ಮುಂಬಯಿಯಲ್ಲಿ ಸಿದ್ಧವಾಗಿತ್ತು. ಸತ್ತ ರೋಗಾಣುಗಳಿಂದ ಪ್ಲೇಗಿನ ಚುಚ್ಚುಮದ್ದನ್ನು ಮಾಡಿದ ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದಲ್ಲಿ ಮೆಚ್ನಿಕಾಫನ ಶಿಷ್ಯನಾಗಿದ್ದವನು. ಗುರು ಕಂಡದ್ದು ಹುಟ್ಟಿನಿಂದ ಬಂದ ರಕ್ಷಣೆಯನ್ನು. ಶಿಷ್ಯ ಕೈಕೊಂಡದ್ದು ಮೈಗೆ ಶತ್ರುವಿನ ಗುರುತು ಕಲಿಸುವ ಕೆಲಸವನ್ನು. ಹಾಗೆ ಕಲಿತ ಮೈ ತಯಾರಿಸುವ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡರೆ, ಅದೇ ಹಳೆಯ ಭಕ್ಷಕ ಕಣಕ್ಕೆ ಅದನ್ನು ಹಿಡಿಯುವುದು ಸುಲಭವಾಗುತ್ತದೆ. 1897ರ ಜನವರಿ 10ರಂದು ಹಾಫ್‌ಕಿನ್ ಆ ಮದ್ದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಜ್ವರ ಬಂದಿತು, ಚುಚ್ಚಿದೆಡೆ ನೋಯತೊಡಗಿತು, ಕಾವಲುಗಾರರು ಎಚ್ಚೆತ್ತಿದ್ದರು.