ಅತಿಥಿ ಶಿಕ್ಷಕರು: ಖಾಲಿ ಹುದ್ದೆಗಳ ನಡುವೆ ಗಡಿಭಾಗದ ಶಾಲೆ

ಅಥಣಿ ತಾಲ್ಲೂಕಿನ ಐಗಳಿ ಸೇರಿದಂತೆ ಗಡಿಭಾಗದ ಗ್ರಾಮಗಳ ಸರಕಾರಿ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ರಾಜ್ಯದ ಇತರೆಡೆಯಂತೆ ಇಲ್ಲಿಯೂ ಕಾಯಂ ಶಿಕ್ಷಕರಿಲ್ಲದ ಕಡೆ ಪಾಠದ ಹೊಣೆ ಅತಿಥಿ ಶಿಕ್ಷಕರದ್ದು.

ಹಿನ್ನೆಲೆ: ಪ್ರಮಾಣಪತ್ರವಿಲ್ಲದ ಗುರುಗಳು ಈ ಭಾಗಕ್ಕೆ ಹೊಸಬರಲ್ಲ. ಗಾಂವಠಿ ಶಾಲೆಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪ ಅವರು ಮುಖ್ಯಸ್ಥರಾಗಿದ್ದ ಧಾರವಾಡದ ನಾರ್ಮಲ್ ಶಾಲೆಯಂತಹ ಸಂಸ್ಥೆಗಳು ತರಬೇತಿ ಪಡೆದ ಶಿಕ್ಷಕರನ್ನು ಸಿದ್ಧಪಡಿಸತೊಡಗಿದವು.

ಕಾಯ್ದೆ: 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮು ಶಿಕ್ಷಕರ ಕನಿಷ್ಠ ಅರ್ಹತೆಗೆ ಸಂಬಂಧಿಸಿದೆ. ಅದರನ್ವಯ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಅದೇ ವರ್ಷದ ಆಗಸ್ಟ್ 23ರ ಅಧಿಸೂಚನೆಯಲ್ಲಿ 1ರಿಂದ 8ನೇ ತರಗತಿಯ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯನ್ನು (ಟಿಇಟಿ) ನಿಗದಿಪಡಿಸಿತು. ತರಬೇತಿ ಇಲ್ಲದೆ ಸೇವೆಯಲ್ಲಿದ್ದವರಿಗೆ ಅರ್ಹತೆ ಪಡೆಯಲು 2017ರ ತಿದ್ದುಪಡಿಯು 2019ರ ಮಾರ್ಚ್ 31ರವರೆಗೆ ಅವಕಾಶ ನೀಡಿತ್ತು. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂಬುದು 26ನೇ ಕಲಮು.

ನೇಮಕ: ಕಾಯಂ ನೇಮಕಾತಿ ನಿಧಾನವಾದಾಗಲೆಲ್ಲ ಅತಿಥಿ ಶಿಕ್ಷಕರ ಮೇಲಿನ ಅವಲಂಬನೆ ಹೆಚ್ಚುತ್ತದೆ. 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರಲ್ಲಿ ಪರೀಕ್ಷೆ ನಡೆದರೂ ಆಯ್ಕೆ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ ವಿಳಂಬವಾಯಿತು. ಅತಿಥಿ ಶಿಕ್ಷಕರನ್ನು ಶಾಲೆಯ ಹಂತದಲ್ಲಿಯೇ, ಶೈಕ್ಷಣಿಕ ವರ್ಷದ ಮಟ್ಟಿಗೆ ತೆಗೆದುಕೊಳ್ಳಲಾಗುತ್ತದೆ. ಇವರೆಲ್ಲರೂ ಅನರ್ಹರಲ್ಲ. ಡಿ.ಇಡಿ., ಬಿ.ಇಡಿ. ಜತೆಗೆ ಟಿಇಟಿಯನ್ನೂ ಮುಗಿಸಿ ಕಾಯಂ ಹುದ್ದೆಗೆ ಕಾದಿರುವವರೂ ಇದ್ದಾರೆ, ಟಿಇಟಿ ತೇರ್ಗಡೆಯಾಗದವರೂ ಇದ್ದಾರೆ.

ಗೌರವಧನ: 2025–26ರ ರಾಜ್ಯ ಬಜೆಟ್‌ನಲ್ಲಿ ಗೌರವಧನವನ್ನು ತಿಂಗಳಿಗೆ ₹2,000 ಹೆಚ್ಚಿಸಲಾಯಿತು. ಇದರಿಂದ ಪ್ರಾಥಮಿಕ ಶಾಲೆಯಲ್ಲಿ ₹12,000, ಪ್ರೌಢಶಾಲೆಯಲ್ಲಿ ₹12,500 ಆಯಿತು. ಬೇಸಿಗೆ ರಜೆಗೆ ಗೌರವಧನವಿಲ್ಲ. ಸೇವಾ ಭದ್ರತೆಯೂ ಇಲ್ಲ.

ಸುಪ್ರೀಂ ಕೋರ್ಟ್ ತೀರ್ಪು: ಸೇವೆಯಲ್ಲಿರುವ ಶಿಕ್ಷಕರೂ ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಅವಧಿ ಇರುವವರು ಸೇವೆಯಲ್ಲಿ ಮುಂದುವರಿಯಬಹುದು. ಬಡ್ತಿ ಬೇಕಾದರೆ ಅವರಿಗೂ ಪರೀಕ್ಷೆ ಕಡ್ಡಾಯ.

ಅರ್ಹತೆಯ ನಿಯಮ ಬಿಗಿಯಾಗಿ, ನೇಮಕಾತಿ ಮಾತ್ರ ನಿಧಾನವಾದರೆ ಅದರ ಹೊರೆ ಬೀಳುವುದು ಮಕ್ಕಳ ಮೇಲೆ. ಜೂನ್‌ನಲ್ಲಿ ಶಾಲೆ ಆರಂಭವಾಗಿ ಅತಿಥಿ ಶಿಕ್ಷಕರು ಬರುವವರೆಗೆ ತಪ್ಪಿಹೋದ ಗಣಿತ, ಇಂಗ್ಲಿಷ್ ಪಾಠಗಳನ್ನು ತುಂಬಿಕೊಡುವುದು ಸುಲಭವಲ್ಲ.