ಹುಲ್ಲುಗಾವಲು ಮತ್ತು ಗೋಪಾಲನೆ: ಒಂದು ಐತಿಹಾಸಿಕ ಅವಲೋಕನ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದು ಆಶ್ರಿತ ಜೀವಿಗೆ ಸಕಾಲದಲ್ಲಿ ಆಹಾರ, ನೀರು ದೊರೆಯದಂತೆ ಮಾಡುವುದು. ಗೋವಿನ ಆಹಾರವೆಂದರೆ ಹುಲ್ಲು. ಹುಲ್ಲಿಗೆ ಆಧಾರ ನೆಲ. ಆದುದರಿಂದ ನೆಲದ ಹುಲ್ಲನ್ನು ಕಾಯದೆ ಗೋವನ್ನು ಮಾತ್ರ ಕಾಯುವೆವೆಂಬ ಮಾತು ಅಪೂರ್ಣ. ಇದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ.

ಗೊರೇಬಾಳವಿರುವ ಈ ಸೀಮೆ, ಅಂದರೆ ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್, ದಕ್ಷಿಣ ಭಾರತದ ಅತಿ ಪ್ರಾಚೀನ ಪಶುಪಾಲಕರ ನೆಲೆಗಳಲ್ಲೊಂದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು ನವಶಿಲಾಯುಗದ ನೆಲೆಯ ಉತ್ಖನನ ನಡೆಸಿದರು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಈ ಪ್ರದೇಶದ ಬೂದಿದಿಬ್ಬಗಳು ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಬೆಳೆದವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬದಲ್ಲಿ ದನಗಳ ಗೊರಸಿನ ಗುರುತುಗಳೂ ಕಂಡುಬಂದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಷ್ಟು ದನಗಳನ್ನು ಸಾಕಲು ಸಾಧ್ಯವಾದುದು ಸುತ್ತಲಿನ ಹುಲ್ಲಿನ ಬಲದಿಂದಲೇ.

ಹುಲ್ಲನ್ನು ಕಾಲಕ್ಕೆ ತಕ್ಕಂತೆ ಬಳಸುವ ಕ್ರಮವು ಮೈಸೂರು ರಾಜ್ಯದಲ್ಲಿ ಸುವ್ಯವಸ್ಥಿತ ರೂಪ ಪಡೆಯಿತು. ಚಿಕ್ಕದೇವರಾಜ ಒಡೆಯರ ಕಾಲದ (1673–1704) ಬೆಣ್ಣೆ ಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆಯಿತು. ಇದಕ್ಕೆ ಸೇರಿದ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ಕೆರೆಯಂಗಳ, ನೀರು, ಮರದ ನೆರಳುಳ್ಳ ಕಾವಲುಗಳು ಬೇಸಿಗೆಗೆ ಮೀಸಲು. ಅವೇ ಅತ್ಯಂತ ಬೆಲೆಯುಳ್ಳವು. ಹಿಂಡು ಒಂದು ಕಾವಲಿನಲ್ಲಿದ್ದಾಗ ಉಳಿದವುಗಳಿಗೆ ವಿಶ್ರಾಂತಿ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಬ್ರಿಟಿಷ್ ಆಡಳಿತವು ಈ ಹಿಂಡನ್ನು ವಿಸರ್ಜಿಸಿತು. ಒಳ್ಳೆಯ ಎತ್ತುಗಳ ಅಭಾವವುಂಟಾಗಿ 1866ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಉಳಿತಾಯವೆಂದು ತೋರಿದ್ದು ನಷ್ಟವೆಂದು ತಿಳಿಯಲು ಆರು ವರ್ಷ ಸಾಕಾಯಿತು.

ಈ ವಿಶ್ರಾಂತಿಯ ಮರ್ಮವನ್ನು ಫ್ರಾನ್ಸಿನ ಆಂದ್ರೆ ವಾಸಾಂ 1957ರ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ವಿವರಿಸಿದರು. ದನವು ಮೇಯ್ದ ಹುಲ್ಲು ಬೇರು ಮತ್ತು ಬುಡದಲ್ಲಿ ಉಳಿದ ಸತ್ತ್ವದಿಂದ ಮರಳಿ ಚಿಗುರುತ್ತದೆ. ಎಲೆ ಬಲಿಯುವ ಮುನ್ನವೇ ಮತ್ತೆ ಮೇಯ್ದರೆ ಬೇರು ಸೊರಗಿ ನೆಲ ಬಯಲಾಗುತ್ತದೆ. ಮಳೆಯ ನೀರು ಇಂಗದೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಚಿಗುರು ಬಡ್ಡಿ, ಬೇರು ಅಸಲು. ಅಸಲನ್ನೇ ಮುರಿದು ತಿನ್ನುವ ಅಂಗಡಿ ಬಹುಕಾಲ ಬಾಳದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಇದು ಸಂತೋಷದ ಸಂಗತಿಯೇ. ಆದರೆ ಜೋಳದ ಹೊಲ ಗದ್ದೆಯಾದಲ್ಲೆಲ್ಲ ಜೋಳದ ಕಣಿಕೆಯೂ ಇಲ್ಲವಾಯಿತು. ಭತ್ತದ ಹುಲ್ಲು ಹೊಟ್ಟೆ ತುಂಬಿಸಬಹುದು, ಪೋಷಣೆಯಲ್ಲಿ ಕಣಿಕೆಗೂ ಹಸಿ ಹುಲ್ಲಿಗೂ ಸಮನಲ್ಲ. ಅತ್ತ ಚಳ್ಳಕೆರೆ ತಾಲ್ಲೂಕಿನಲ್ಲಿಯೂ ಸಾವಿರಾರು ಎಕರೆ ಅಮೃತ್ ಮಹಲ್ ಕಾವಲು 2008ರ ನಂತರ ಅನ್ಯ ಉದ್ದೇಶಗಳಿಗೆ ಹಂಚಿಕೆಯಾಯಿತು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಭಾವಿಸುವ ದೃಷ್ಟಿಯೇ ಇದಕ್ಕೆ ಮೂಲ.

ಗೋಶಾಲೆಗಳನ್ನು ನಡೆಸುವ ನಮ್ಮ ಬಸದಿಗಳ ಟ್ರಸ್ಟುಗಳು ಈ ಇತಿಹಾಸದಿಂದ ಕಲಿಯಬೇಕಾದುದಿದೆ. ದಾನಿಗಳು ಕೊಟ್ಟಿಗೆ ಕಟ್ಟಿಸಲು ಮುಂದೆ ಬರುತ್ತಾರೆ. ಹುಲ್ಲಿಗೆ ನೆಲ ಬಿಡುವವರು ವಿರಳ. ಇರುವ ಭೂಮಿಯನ್ನೇ ಐದಾರು ಭಾಗ ಮಾಡಿ, ಒಂದರಲ್ಲಿ ಮೇಯಿಸುವಾಗ ಉಳಿದವುಗಳಿಗೆ ಬಿಡುವು ಕೊಡಬಹುದು. ಪ್ರತಿವರ್ಷ ಒಂದು ಭಾಗವನ್ನು ಸರದಿಯಂತೆ ಬೀಜ ಉದುರುವವರೆಗೆ ಮುಟ್ಟದೆ ಬಿಡಬಹುದು. ಹುಲ್ಲಿನ ಶಕ್ತಿಯನ್ನು ಅಳೆದು ದನಗಳ ಸಂಖ್ಯೆಯನ್ನು ನಿಶ್ಚಯಿಸಬೇಕು. ನೂರು ದನಗಳನ್ನು ಕೂಡಿಹಾಕಿ ಅರೆಹೊಟ್ಟೆಯಲ್ಲಿಡುವುದಕ್ಕಿಂತ ನಲವತ್ತನ್ನು ತೃಪ್ತಿಯಾಗಿ ಸಾಕುವುದು ಶ್ರೇಯಸ್ಕರ. ಮಿಕ್ಕವುಗಳಿಗೆ ಮೇವಿರುವ ಬೇರೆ ಗೋಶಾಲೆಯನ್ನು ಮೊದಲೇ ಗೊತ್ತುಮಾಡಬೇಕು. ಪರಿಗ್ರಹಕ್ಕೆ ಪರಿಮಾಣ ಹೇಳಿದ ಧರ್ಮವು ದಯೆಯ ಕಾರ್ಯಕ್ಕೂ ಲೆಕ್ಕವನ್ನು ಬೇಡುತ್ತದೆ. ಆ ಲೆಕ್ಕ ತಪ್ಪಿದಲ್ಲಿ ನಮ್ಮ ಗೋಶಾಲೆಯೊಳಗೇ ಅನ್ನಪಾನನಿರೋಧದ ಅತಿಚಾರ ನಡೆಯುತ್ತದೆಂಬುದನ್ನು ಧರ್ಮಬಂಧುಗಳು ವಿಚಾರಿಸಬೇಕು.